ಯಜಮಾನಿಕೆಯೂ ಅನ್ನಪಾನನಿರೋಧವೂ

ವ್ಯಾಪಾರದಲ್ಲಿ ಯಜಮಾನನು ಕೈಗೊಂಡ ತೀರ್ಮಾನದ ಫಲವನ್ನು ಉಣ್ಣುವವರು ಪಾಲುದಾರರಷ್ಟೇ ಅಲ್ಲ. ದುಡಿಯುವವನು, ಅವನ ಮನೆಮಂದಿ, ಸಾಲ ಕೊಟ್ಟವನು, ಸರಕು ಕೊಳ್ಳುವವನು, ಇವರೆಲ್ಲರೂ ಅದರಲ್ಲಿ ಭಾಗಿಗಳು. ಆದರೆ ತೀರ್ಮಾನದ ಹೊತ್ತಿನಲ್ಲಿ ಇವರಲ್ಲಿ ಎಷ್ಟು ಮಂದಿಯ ಮಾತಿಗೆ ಸ್ಥಾನವುಂಟು? 1918ರಲ್ಲಿ ಅಹಮದಾಬಾದಿನಲ್ಲಿ ಈ ಪ್ರಶ್ನೆ ಒಂದು ಜೈನ ಮನೆತನದ ಒಳಗೇ ಎದ್ದಿತು.

ಹಿಂದಿನ ವರ್ಷ ಆ ನಗರದಲ್ಲಿ ಪ್ಲೇಗು ಹಬ್ಬಿದಾಗ, ಕೆಲಸಗಾರರು ಊರು ಬಿಟ್ಟು ಹೋಗದಿರಲೆಂದು ಗಿರಣಿ ಮಾಲೀಕರು ಕೂಲಿಯ ಮೇಲೆ ‘ಪ್ಲೇಗು ಬೋನಸ್ಸು’ ಕೊಟ್ಟಿದ್ದರು. ಬೇನೆ ಇಳಿದ ಮೇಲೆ ಅದನ್ನು ನಿಲ್ಲಿಸಹೊರಟರು. ಅಷ್ಟರಲ್ಲಿ ಮಹಾಯುದ್ಧದಿಂದಾಗಿ ಬೆಲೆಗಳೆಲ್ಲ ಏರಿದ್ದವು. ನೇಕಾರರು ಕೂಲಿಯಲ್ಲಿ ನೂರಕ್ಕೆ 50ರ ಏರಿಕೆ ಕೇಳಿದರು. ಮಾಲೀಕರು 20 ಎಂದರು. ಗಾಂಧೀಜಿ ಲೆಕ್ಕ ಪರಿಶೀಲಿಸಿ 35 ನ್ಯಾಯವೆಂದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ. ವೈದ್ಯವಿದ್ಯೆಗಾಗಿ ಇಂಗ್ಲೆಂಡಿಗೆ ಹೋಗಿ, ಪ್ರಾಣಿಗಳನ್ನು ಸೀಳುವುದು ತಮ್ಮ ಧರ್ಮಕ್ಕೆ ಸಲ್ಲದೆಂದು ಆ ಓದನ್ನೇ ಬಿಟ್ಟವರು ಆಕೆ. ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗ ಬಿದ್ದಿತು.

ಮಾಲೀಕರದು ದುರುಳರ ವಾದವಾಗಿರಲಿಲ್ಲ. ತಮಗೂ ಕೆಲಸಗಾರರಿಗೂ ಇರುವುದು ತಂದೆಮಕ್ಕಳ ಸಂಬಂಧ, ನಡುವೆ ಮೂರನೆಯವರೇಕೆ ಎಂಬುದು ಅವರ ಮಾತು. ಅನೇಕ ಜೈನ ಅಂಗಡಿಗಳು ನಡೆದುಬಂದದ್ದೂ ಈ ರೀತಿಯಲ್ಲಿಯೇ. ತಂದೆಯಂತಿರುವ ಯಜಮಾನನು ಮಗಳ ಮದುವೆಗೆ ಮುಂಗಡ ಕೊಡುತ್ತಾನೆ, ಕಾಯಿಲೆಗೆ ಒದಗುತ್ತಾನೆ. ಇದನ್ನು ಹಗುರಾಗಿ ಕಾಣಲಾಗದು. ಆದರೆ ಅಲ್ಲಿ ಕೊಡುವುದೂ ನಿಲ್ಲಿಸುವುದೂ ಒಂದೇ ಕೈ. ಮಗನೆನಿಸಿಕೊಂಡವನು ಲೆಕ್ಕ ಕೇಳಿದೊಡನೆ ಅದು ಅವಿಧೇಯತೆಯಾಗಿ ತೋರುತ್ತದೆ. ಬಸದಿಯ ಅಡುಗೆಯವನ, ಕಾವಲುಗಾರನ ಸಂಬಳ ಗೊತ್ತುಮಾಡುವ ಸಭೆಗೆ ಅವರನ್ನು ಕರೆಯುವ ಟ್ರಸ್ಟುಗಳೆಷ್ಟು? ಅನೇಕಾಂತವನ್ನು ವೇದಿಕೆಯ ಮೇಲೆ ವಿವರಿಸುವುದು ಸುಲಭ. ಸಂಬಳದ ಪುಸ್ತಕದ ಮುಂದೆ ಅದು ಬಹುಬೇಗ ಏಕಾಂತವಾಗುತ್ತದೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯ ಎರಡನ್ನು ಎತ್ತು ಕುದುರೆಗಳ ವಿಷಯವೆಂದು ಓದಿ ಮುಂದೆ ಸಾಗುವವರೇ ಹೆಚ್ಚು. ಗಾಡಿ ಹೋಗಿ ಲಾರಿ ಬಂದ ಮೇಲೆ ವ್ಯಾಪಾರಿಗೆ ಆ ದೋಷಗಳು ತಟ್ಟವೆಂಬ ನೆಮ್ಮದಿಯೂ ಉಂಟು! ಹಾಗಾದರೆ ಗಿರಣಿಗೆ ಹಾಕಿದ ಬೀಗ ಅನ್ನಪಾನನಿರೋಧವಾಗುವುದೇ? ನಷ್ಟದಲ್ಲಿಯೇ ಉದ್ಯಮ ನಡೆಸೆಂದು ಯಾವ ಶಾಸ್ತ್ರವೂ ಗೃಹಸ್ಥನಿಗೆ ವಿಧಿಸದು. ಗಿರಣಿ ಮುಳುಗಿದರೆ ಕೆಲಸಗಾರನೂ ಮುಳುಗುವನು. ಆದರೆ ನಡೆಸಲಾರದೆ ಬಾಗಿಲು ಮುಚ್ಚುವುದು ಬೇರೆ, ಎದುರಿನವನು ಹಸಿದು ಬಾಗಲೆಂದು ಮುಚ್ಚುವುದು ಬೇರೆ. ಎರಡನೆಯದರಲ್ಲಿ ಹಸಿವೇ ಉಪಾಯವಾಗಿರುತ್ತದೆ. ಹಿಂಸೆಯ ನಿರ್ಣಯದಲ್ಲಿ ಭಾವಕ್ಕೆ ಪ್ರಾಧಾನ್ಯ ಕೊಡುವ ದರ್ಶನಕ್ಕೆ ಈ ಭೇದ ಹೊಸದಲ್ಲ.

ಇದೇ ಅಳತೆ ಇನ್ನೊಂದು ಪಕ್ಷಕ್ಕೂ ಸಲ್ಲಬೇಕು. ಕಾರ್ಮಿಕರ ಧೈರ್ಯ ಕುಂದಿದಾಗ ಗಾಂಧೀಜಿ ಮಾರ್ಚ್ 15ರಂದು ಉಪವಾಸ ಕುಳಿತರು. ಮಾಲೀಕರು ಅವರ ಸ್ನೇಹಿತರು. ಉಪವಾಸ ಅವರ ಮೇಲೆ ಒತ್ತಡವಾಯಿತು. ಅದು ದೋಷಮುಕ್ತವಾಗಿರಲಿಲ್ಲವೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ತಮ್ಮ ಕಡೆಯ ತಪ್ಪನ್ನು ಹೀಗೆ ಬರೆದಿಡುವ ಮುಂದಾಳುಗಳು ಎರಡೂ ಪಕ್ಷಗಳಲ್ಲಿ ವಿರಳ.

ಮಾರ್ಚ್ 18ರಂದು ಒಪ್ಪಂದವಾಯಿತು. ಮೊದಲ ದಿನ 35, ಕಾರ್ಮಿಕರ ಪ್ರತಿಜ್ಞೆ ಉಳಿಯಲೆಂದು. ಎರಡನೆಯ ದಿನ 20, ಮಾಲೀಕರ ಮಾತು ಉಳಿಯಲೆಂದು. ಅನಂತರ ಪಂಚರ ತೀರ್ಪು ಬರುವವರೆಗೆ 27½. ವಣಿಕರು ಮಾಡಬಲ್ಲ ಲೆಕ್ಕವಿದು, ನಗುವವರು ನಗಬಹುದು. ಆದರೆ ಯಾರ ಮುಖವೂ ಭಂಗವಾಗಲಿಲ್ಲ. ಪಂಚರಾದ ಆನಂದಶಂಕರ ಧ್ರುವ ಅವರು ಕೊನೆಗೆ 35 ಎಂದೇ ತೀರ್ಪಿತ್ತರು. ಅಹಮದಾಬಾದಿನಲ್ಲಿ ವರ್ತಕರ ಸಂಘಗಳಿಗೆ ಹಿಂದಿನಿಂದಲೂ ‘ಮಹಾಜನ’ವೆಂಬ ಹೆಸರಿತ್ತು. 1920ರಲ್ಲಿ ಗಿರಣಿ ಕೆಲಸಗಾರರು ಅನಸೂಯಾ ಅವರೊಡನೆ ತಮ್ಮ ಸಂಘವನ್ನು ಕಟ್ಟಿದಾಗ ಅದನ್ನು ‘ಮಜೂರ್ ಮಹಾಜನ’ವೆಂದು ಕರೆದರು.