ನಲ್ಲಿಯ ನೀರು, ನೆರೆಯವರ ಬಾಯಾರಿಕೆ

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಮದುವೆಯೊಂದರ ಊಟ ಮುಗಿದಿತ್ತು. ಮೇಜು ಒರೆಸುತ್ತಿದ್ದ ತಾಯಿಯೊಬ್ಬರು, ಅತಿಥಿಗಳು ಎರಡು ಗುಟುಕು ಕುಡಿದು ಬಿಟ್ಟಿದ್ದ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳ ನೀರನ್ನು ಒಂದೊಂದಾಗಿ ಬಕೆಟ್ಟಿಗೆ ಸುರಿಯುತ್ತಿದ್ದರು. "ಫಾದರ್, ನಮ್ಮ ಬೀದಿಯ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು. ಇದನ್ನು ಚೆಲ್ಲಲು ಕೈ ಬರುವುದಿಲ್ಲ" ಎಂದರು. ಆ ಮಾತು ಇಂದಿಗೂ ನನ್ನನ್ನು ಕಾಡುತ್ತಿದೆ.

ಬಾಟಲಿಯನ್ನು ನಾವು ಸಾಮಾನ್ಯವಾಗಿ ಕಸದ ಸಮಸ್ಯೆಯೆಂದು ಕಾಣುತ್ತೇವೆ. ಅದು ನಿಜವೇ. ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗದು. ಸವೆದು ಸೂಕ್ಷ್ಮ ಕಣಗಳಾಗಿ ಉಳಿಯುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಾವು ಪರೀಕ್ಷಿಸಿದ ಬಾಟಲಿ ನೀರಿನ ಪ್ರತಿ ಲೀಟರಿನಲ್ಲಿ ಸರಾಸರಿ ಸುಮಾರು 2.4 ಲಕ್ಷ ಪ್ಲಾಸ್ಟಿಕ್ ಕಣಗಳಿದ್ದವೆಂದು 2024ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾಗಳು ನಿಷೇಧಗೊಂಡಾಗ ನೀರಿನ ಬಾಟಲಿ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಕಾನೂನು ತಡೆಯದುದನ್ನೆಲ್ಲ ಮನಸ್ಸಾಕ್ಷಿಯೂ ಒಪ್ಪಬೇಕೆಂದಿಲ್ಲ.

ಕಸಕ್ಕಿಂತ ಆಳವಾದ ಪ್ರಶ್ನೆ ಇನ್ನೊಂದಿದೆ. ಉಳ್ಳವರು ನೀರನ್ನು ಕೊಳ್ಳಲಾರಂಭಿಸಿದಾಗ ಊರಿನ ನಲ್ಲಿಯ ಬಗ್ಗೆ ಅವರಿಗೆ ಕಾಳಜಿ ಉಳಿಯುವುದಿಲ್ಲ. ನೀರು ಕೆಂಪಾಗಿ ಬಂದರೂ, ಬಾರದೆಯೇ ಹೋದರೂ ದೂರು ಕೊಡುವವರು ಬಡವರು ಮಾತ್ರ. ಅವರ ದನಿಗೆ ಬಲವಿಲ್ಲ. ಹೀಗೆ ಎಲ್ಲರದಾಗಿದ್ದ ನಲ್ಲಿ ಬಡವರದಾಗಿ, ಕೊನೆಗೆ ಯಾರದೂ ಅಲ್ಲದಂತಾಗುತ್ತದೆ. ಶುದ್ಧ ಕುಡಿಯುವ ನೀರು ಮಾನವ ಹಕ್ಕೆಂದು ವಿಶ್ವಸಂಸ್ಥೆ 2010ರಲ್ಲಿ ಅಂಗೀಕರಿಸಿತು. ಪೋಪ್ ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅದನ್ನೇ ಒತ್ತಿ ಹೇಳಿ, ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವುದನ್ನು ದಿನನಿತ್ಯದ ಚಿಕ್ಕ ಸತ್ಕಾರ್ಯಗಳ ಸಾಲಿಗೆ ಸೇರಿಸಿದರು.

ನಲ್ಲಿಯ ನೀರನ್ನು ನಂಬುವುದು ಹೇಗೆಂದು ಹೆತ್ತವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆರಿದ ನೀರನ್ನು ಸ್ಟೀಲ್ ಬಾಟಲಿಗೆ ತುಂಬಿ ಮಕ್ಕಳಿಗೆ ಕೊಡಬಹುದು. ಫ್ಲೋರೈಡ್ ಇರುವೆಡೆ ಕುದಿಸಿದರೆ ಸಾಲದು. ಅಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಕ್ಯಾನ್ ಒಯ್ದು ತುಂಬಿಸಿಕೊಳ್ಳಬಹುದು. ಪ್ರಯಾಣದಲ್ಲಿ ಗತ್ಯಂತರವಿಲ್ಲದೆ ಬಾಟಲಿ ಕೊಂಡವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅನಿವಾರ್ಯತೆ ಬೇರೆ, ಅಭ್ಯಾಸ ಬೇರೆ.

ಯಕೋಬನ ಬಾವಿಯ ಬಳಿ ದಣಿದು ಕುಳಿತ ಪ್ರಭು ಯೇಸುವಿನಲ್ಲಿ ನೀರು ಸೇದುವ ಪಾತ್ರೆಯಿರಲಿಲ್ಲ. ಕೊಡ ತಂದಿದ್ದ ಸಮಾರಿಯದ ಸ್ತ್ರೀಯನ್ನು ಅವರು ನೀರು ಕೇಳಿದರು. ಅದು ಊರವರೆಲ್ಲರ ಬಾವಿಯಾದುದರಿಂದಲೇ, ಒಬ್ಬರೊಡನೊಬ್ಬರು ಬೆರೆಯದ ಎರಡು ಜನಾಂಗದವರು ಅಲ್ಲಿ ಮಾತನಾಡಿದರು. ಬಾಯಾರಿಕೆ ಒಂದೇ ಆಗಿರುವಲ್ಲಿ ನೆರೆಯವರು ಕಣ್ಣಿಗೆ ಬೀಳುತ್ತಾರೆ.

ಪ್ರಿಯರೇ, ಈ ವರ್ಷ ನಮ್ಮ ಹಬ್ಬದ ಊಟಕ್ಕೆ ಸ್ಟೀಲ್ ಲೋಟಗಳನ್ನು ಇಡೋಣ. ಅವನ್ನು ತೊಳೆಯುವ ಹೊರೆ ಮತ್ತೆ ಆ ತಾಯಿಯೊಬ್ಬರ ಮೇಲೆಯೇ ಬೀಳದಂತೆ ಉಂಡವರೆಲ್ಲರೂ ಕೈಜೋಡಿಸೋಣ. ಅವರ ಬೀದಿಯ ನಲ್ಲಿಗಾಗಿ ಪಂಚಾಯಿತಿಗೆ ಮನವಿ ಬರೆಯುವಾಗ, ಮೊದಲ ಸಹಿ ಆ ನಲ್ಲಿಯ ಅಗತ್ಯವಿಲ್ಲದವರದಾಗಿರಲಿ.