ಜೊತೆ ಬೇರೆ, ಕಾವಲು ಬೇರೆ

ಭಾನುವಾರ ಬೆಳಗಿನ ಐದೂವರೆಗೆ ನಮ್ಮ ಹೊಸ ತಿಪ್ಪಸಂದ್ರದ ಬೀದಿಯಲ್ಲಿ ಎದ್ದಿರುವವರು ಹಾಲಿನವನು, ಪೇಪರ್ ಹಾಕುವ ಹುಡುಗರು ಮತ್ತು ನಮ್ಮ ಎದುರು ಮನೆಯಾಕೆ. ಬಾಗಿಲಿಗೆ ನೀರು ಹಾಕಿ ಆಕೆ ರಂಗೋಲಿಗೆ ಕುಳಿತಿರುತ್ತಾರೆ. ಅದೇ ಹೊತ್ತಿಗೆ ನನ್ನ ಮಗಳು ತಲೆಗೆ ಹೆಲ್ಮೆಟ್ ಬಿಗಿದುಕೊಂಡು, ದಪ್ಪ ಟೈರಿನ ತನ್ನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಾಳೆ. ಎದುರು ಮನೆಯಾಕೆ ತಲೆಯೆತ್ತಿ ಒಂದೇ ಮಾತು ಕೇಳುತ್ತಾರೆ: "ಒಬ್ಬಳೇನಾ?"

ಮೂರು ಮನೆ ಆಚೆಗೆ ಇಂಥದೇ ಸೈಕಲ್ಲಿನ ಹುಡುಗನೊಬ್ಬನಿದ್ದಾನೆ. ಅವನನ್ನೂ ಆಕೆ ಅಷ್ಟೇ ವಿಶ್ವಾಸದಿಂದ ಮಾತಾಡಿಸುತ್ತಾರೆ. ಆದರೆ ಅವನಿಗೆ ಕೇಳುವ ಪ್ರಶ್ನೆ ಬೇರೆ: "ಇವತ್ತು ಎಷ್ಟು ಕಿಲೋಮೀಟರಪ್ಪಾ?" ಒಬ್ಬರಿಗೆ ದೂರದ ಲೆಕ್ಕ, ಇನ್ನೊಬ್ಬರಿಗೆ ತಲೆಯ ಲೆಕ್ಕ. ಆಕೆಯನ್ನು ದೂರಿ ಫಲವಿಲ್ಲ. ಮಗಳು ಮೊದಲ ಸಲ ಹೊರಟ ದಿನ ನಾನು ಕೇಳಿದ್ದೂ ಅದೇ ಪ್ರಶ್ನೆಯನ್ನೇ.

ಮಗಳ ಸೈಕಲ್ ಡಾಂಬರು ರಸ್ತೆಗೆಂದು ಮಾಡಿದ್ದಲ್ಲ. ಕಲ್ಲು, ಕೊರಕಲು, ಮರದ ಬೇರುಗಳ ಮೇಲೆ ಹತ್ತಿ ಇಳಿಯಲಿಕ್ಕೆ ಮಾಡಿದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಕೆಲವು ಹುಡುಗರು ಹಳೆಯ ಗಟ್ಟಿ ಸೈಕಲ್ಲುಗಳನ್ನು ತಿದ್ದಿಕೊಂಡು ಮಣ್ಣುದಾರಿಯಲ್ಲಿ ಇಳಿಯತೊಡಗಿದರು. ಮೌಂಟೇನ್ ಬೈಕ್ ಹುಟ್ಟಿದ್ದು ಹಾಗೆ. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಮೊದಲ ಬಾರಿ ಸೇರಿದಾಗ ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ ಸೇರಿತು. ನಮ್ಮ ಕಡೆಯ ಸವಾರರು ದೇವನಹಳ್ಳಿ ದಾಟಿ ಆವತಿಯ ಬೆಟ್ಟದ ಕಡೆಗೆ, ಇಲ್ಲವೇ ನಂದಿಯ ತಪ್ಪಲಿಗೆ ಹೋಗುತ್ತಾರೆ. ಕೆಂಪೇಗೌಡರ ಪೂರ್ವಿಕರು ನೆಲೆ ನಿಂತ ಆವತಿ ಅದೇ.

ತೊಡಕಿರುವುದು ಇಲ್ಲಿಯೇ. ಸುರಂಜನದಾಸ್ ರಸ್ತೆಯಲ್ಲಿ ಸೈಕಲ್ ತುಳಿಯುವವಳ ಸುತ್ತ ಸಾವಿರ ಜನ ಇರುತ್ತಾರೆ. ಅಲ್ಲಿ ಭಯವೇನಿದ್ದರೂ ಬಸ್ಸು ಲಾರಿಗಳದು. ಬೆಟ್ಟದ ದಾರಿಯ ಸುಖವೇ ಅಲ್ಲಿ ಜನರಿಲ್ಲದಿರುವುದು. ಹೆಣ್ಣಿಗೆ ಅಲ್ಲಿನ ಭಯವೂ ಅದೇ. ಯಾವ ನಿರ್ಜನತೆಯನ್ನು ಹುಡುಕಿಕೊಂಡು ಹೋಗುತ್ತೇವೋ ಅದಕ್ಕೇ ಹೆದರಬೇಕಾಗಿ ಬಂದರೆ ಏನು ಮಾಡಬೇಕು? ಹೋಗುವುದನ್ನೇ ಬಿಡಬೇಕೇ? ಹೆದರಿಕೆಯನ್ನು ಬಿಡಬೇಕೇ? ಅಥವಾ ಯಾರಾದರೂ ಜೊತೆಗೆ ಸಿಗುವವರೆಗೆ ಕಾಯಬೇಕೇ?

ನಮ್ಮಮ್ಮನ ಬಳಿ ಇದಕ್ಕೆ ಸಿದ್ಧವಾದ ಉತ್ತರವಿತ್ತು. ಸೆರಗು ಮುಳ್ಳಿನ ಮೇಲೆ ಬಿದ್ದರೂ ಮುಳ್ಳು ಸೆರಗಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ. ಈ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಇರಲಾರಳು.

ನಾನು ಅದನ್ನು ಮೊದಲು ಕೇಳಿದ್ದು 1983ರಲ್ಲಿ. ಆಗ ನನಗೆ ಹದಿನಾರು. ಅಪ್ಪನ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತವಳಿಗೆ, ಕಾಲೇಜಿಗೆ ಸೇರಿದ ಮೇಲೆ ಒಂದು ಲೇಡೀಸ್ ಸೈಕಲ್ ಸಿಕ್ಕಿತ್ತು. ಆಗ ಎಚ್.ಎ.ಎಲ್. ಪಾಳಿ ಬಿಟ್ಟಿತೆಂದರೆ ರಸ್ತೆ ತುಂಬ ಸೈಕಲ್ಲುಗಳೇ. ಆ ಪ್ರವಾಹದಲ್ಲಿ ಒಂದು ಹನಿಯಾಗಿ ಮನೆಗೆ ಬರುವುದು ನನಗೆ ದಿನದ ದೊಡ್ಡ ಸಂತೋಷ. ಒಂದು ಸಂಜೆ ರಸ್ತೆ ಖಾಲಿಯಿದ್ದ ಹೊತ್ತಿನಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, ಮೈಮೇಲೆ ಕೈ ಹಾಕಿ, ನಗುತ್ತಾ ಮುಂದೆ ಹೋದ. ನಾನು ಸೈಕಲ್ಲಿನೊಡನೆ ಚರಂಡಿಯ ಪಕ್ಕಕ್ಕೆ ಬಿದ್ದೆ. ಮಂಡಿ ಕಿತ್ತುಹೋಗಿತ್ತು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಬಯ್ಯಲಿಲ್ಲ. ಗಾಯ ತೊಳೆದು ಅರಿಸಿನ ಹಚ್ಚಿದರು, ತಲೆ ಸವರಿದರು, ಆ ಗಾದೆಯನ್ನು ಹೇಳಿದರು. ಮುಂದಿನ ವಾರ ನನ್ನ ಸೈಕಲ್ ಸೋದರಮಾವನ ಮಗನ ಮನೆ ಸೇರಿತು. ಸ್ಕೂಟರಿನವನ ಸ್ಕೂಟರನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ. ಆ ಘಟನೆಯಿಂದ ನಾನು ಕಲಿತದ್ದು ಎಚ್ಚರಿಕೆಯನ್ನಲ್ಲ, ಹೇಳಬಾರದು ಎಂಬುದನ್ನು. ಆಮೇಲೆ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ ಏನೇ ಆದರೂ ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಕಾಲೇಜೂ ಹೋದೀತೆಂಬ ಹೆದರಿಕೆ.

ಇಷ್ಟನ್ನು ಬಲ್ಲ ನಾನು ಏನು ಮಾಡಿದೆ ಕೇಳಿ. ಹೋದ ವರ್ಷ ಮಗಳು ಒಂದು ಭಾನುವಾರ ತಡವಾಗಿ ಬಂದಳು. ಮಣ್ಣುದಾರಿಯಲ್ಲಿ ಮೋಟಾರ್ ಬೈಕಿನ ಇಬ್ಬರು ಅವಳ ಹಿಂದೆ ಬಿದ್ದಿದ್ದರಂತೆ. ಇವಳು ನಿಂತರೆ ಅವರೂ ನಿಲ್ಲುವುದು, ಹೊರಟರೆ ಹೊರಡುವುದು. ಹೇಗೋ ಹಳ್ಳಿಯ ಟೀ ಅಂಗಡಿಯೊಂದನ್ನು ಮುಟ್ಟಿದಾಗ ಅಲ್ಲಿದ್ದ ಅಜ್ಜಿ ಇವಳ ಮುಖ ನೋಡಿಯೇ ಅರ್ಥ ಮಾಡಿಕೊಂಡು, "ಒಳಗ್ ಬಾ ಕೂಸೇ" ಎಂದು ಕೂರಿಸಿ, ಅವರು ಹೊರಟುಹೋಗುವವರೆಗೆ ಬಾಗಿಲಲ್ಲಿ ನಿಂತಿದ್ದಳಂತೆ. ಮಗಳು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ನನ್ನ ಬಾಯಿಂದ ಬಂದ ಮೊದಲ ಮಾತು: "ಅಷ್ಟು ದೂರ ಒಬ್ಬಳೇ ಯಾಕೆ ಹೋದೆ?"

ಅವಳ ಮುಖ ಬಾಗಿಲು ಹಾಕಿಕೊಂಡಂತೆ ಮುಚ್ಚಿಕೊಂಡಿತು. ಮುಂದೆ ಎರಡು ತಿಂಗಳು "ಎಲ್ಲಿಗೆ?" ಎಂದರೆ "ಕಬ್ಬನ್ ಪಾರ್ಕಿಗೆ" ಎನ್ನುತ್ತಿದ್ದಳು. ಕಬ್ಬನ್ ಪಾರ್ಕಿಗೆ ಹೋಗಿಬಂದ ಸೈಕಲ್ಲಿನ ಟೈರಿಗೆ ಅಷ್ಟೊಂದು ಕೆಮ್ಮಣ್ಣು ಮೆತ್ತಿಕೊಳ್ಳುವುದಿಲ್ಲ ಎಂದು ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತಾಗ ನನಗೆ ಹೊಳೆಯಿತು. ಎದೆ ಝಲ್ಲೆಂದಿತು. ಎರಡು ತಿಂಗಳು ನನ್ನ ಮಗಳು ಎಲ್ಲಿದ್ದಾಳೆಂದು ಈ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಕಾಪಾಡಬೇಕೆಂದು ಆಡಿದ ಮಾತೇ ಅವಳನ್ನು ಮೊದಲಿಗಿಂತ ಒಂಟಿ ಮಾಡಿತ್ತು.

ಅಂದಿನಿಂದ ಆ ಗಾದೆಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದೇನೆ. ಹರಿಯುವುದು ಸೆರಗೇ ಎಂಬುದು ಸುಳ್ಳಲ್ಲ. ನೋವು ಯಾರಿಗೆ ಆಗುತ್ತದೆ ಎಂಬುದನ್ನಷ್ಟೇ ಗಾದೆ ಹೇಳುತ್ತದೆ. ನಾವು ಅದರಿಂದ ತಪ್ಪು ಯಾರದು ಎಂಬುದನ್ನೂ ತೀರ್ಮಾನಿಸಿಬಿಡುತ್ತೇವೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳಲ್ಲವೇ? ಮುಳ್ಳಿನ ವಿಷಯ ಸೈಕಲ್ ತುಳಿಯುವವರಿಗೆ ಚೆನ್ನಾಗಿ ಗೊತ್ತು. ಜಾಲಿಮುಳ್ಳು ಟೈರಿಗೆ ಚುಚ್ಚೀತೆಂದು ಮಗಳು ಪಂಕ್ಚರ್ ಸಾಮಾನನ್ನೂ ಗಾಳಿ ಹೊಡೆಯುವ ಪಂಪನ್ನೂ ಬೆನ್ನಿಗೆ ಕಟ್ಟಿಕೊಂಡೇ ಹೋಗುತ್ತಾಳೆ. ಹಾಗೆಂದು ಪಂಕ್ಚರ್ ಆದಾಗ "ಟೈರಿನದೇ ತಪ್ಪು" ಎಂದು ಯಾರೂ ಹೇಳುವುದಿಲ್ಲ. ಎಚ್ಚರಿಕೆ ವಹಿಸುವುದೆಂದರೆ ಅಪರಾಧ ಒಪ್ಪಿಕೊಂಡಂತಲ್ಲ. ಎಚ್ಚರ ತಪ್ಪಿದವಳಿಗೆ ಏನಾದರೂ ಆದರೆ ಆ ಪಾಪ ಅವಳದೂ ಅಲ್ಲ.

ಕಾನೂನು ಕೂಡ ಇಲ್ಲಿಗೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. 2012ರ ಡಿಸೆಂಬರಿನ ದೆಹಲಿಯ ಘಟನೆಯ ನಂತರ 2013ರಲ್ಲಿ ತಿದ್ದುಪಡಿಯಾಗಿ, ಹೆಣ್ಣನ್ನು ಹಿಂಬಾಲಿಸಿ ಕಾಡುವುದೇ ಒಂದು ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಮು. ನನ್ನ ಕಾಲದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. "ಹುಡುಗರು ಚೇಷ್ಟೆ ಮಾಡ್ತಾರೆ" ಅಷ್ಟೆ.

ಮಗಳು ನನಗೆ ಒಂದು ಪುಸ್ತಕ ಓದಲು ಕೊಟ್ಟಳು. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು ಮುಂಬೈ ನಗರದ ಬಗ್ಗೆ 2011ರಲ್ಲಿ ಹೊರತಂದ 'ವೈ ಲಾಯ್ಟರ್?' ಸುರಕ್ಷತೆಯ ಹೆಸರಿನಲ್ಲಿ ಹೆಣ್ಣನ್ನು ಮನೆಯೊಳಗೆ ಇಡುವುದು ಸುಲಭ, ಆದ್ದರಿಂದ ನಾವು ಕೇಳಬೇಕಾದದ್ದು ಬರೀ ಸುರಕ್ಷತೆಯನ್ನಲ್ಲ, ನಾವಾಗಿ ಆರಿಸಿಕೊಂಡ ಅಪಾಯಕ್ಕೆ ಒಡ್ಡಿಕೊಳ್ಳುವ ಹಕ್ಕನ್ನು ಎಂಬುದು ಅವರ ವಾದ. ಬುದ್ಧಿ ಒಪ್ಪಿತು. ಆದರೆ ತಾಯಿಯ ಹೊಟ್ಟೆಗೆ ಆ ಮಾತು ಸುಲಭವಾಗಿ ಇಳಿಯುವುದಿಲ್ಲ. ಅಪಾಯದ ಹಕ್ಕು ಮಗಳದು, ಕಾಯುವ ಸಂಕಟ ನನ್ನದು. ಇವೆರಡರ ನಡುವೆ ಏನಾದರೂ ದಾರಿಯಿದೆಯೇ ಎಂದು ಹುಡುಕಿದಾಗ ನನಗೆ ಕಂಡದ್ದು 'ಜೊತೆ' ಎಂಬ ಹಳೆಯ ಮಾತು.

ನಾವು ಜೊತೆಯನ್ನೂ ಕಾವಲನ್ನೂ ಒಂದೇ ಎಂದು ತಿಳಿದಿದ್ದೇವೆ. ತಮ್ಮನಾದರೂ ಸರಿ, ಏಳು ವರ್ಷದ ಗಂಡುಹುಡುಗನಾದರೂ ಸರಿ, ಜೊತೆಗಿದ್ದರಾಯಿತು! ಆದರೆ ಕಾವಲುಗಾರ ನೋಡುವುದು ನನ್ನನ್ನು, ಜೊತೆಗಾರ ನೋಡುವುದು ನಾನು ನೋಡುವ ದಾರಿಯನ್ನು. ಕಾವಲಿದ್ದರೆ ಬೇಗ ಹಿಂತಿರುಗುವ ಆತುರ, ಜೊತೆಯಿದ್ದರೆ ಇನ್ನೂ ಸ್ವಲ್ಪ ದೂರ ಹೋಗುವ ಧೈರ್ಯ.

ಹೆಣ್ಣಿನ ಸೈಕಲ್ ಸವಾರಿ ಎಲ್ಲೆಲ್ಲಿ ಬೇರೂರಿತೋ ಅಲ್ಲೆಲ್ಲ ಜೊತೆಯಿಂದಲೇ ಬೇರೂರಿದೆ. ಪಕ್ಕದ ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಮೊದಲಲ್ಲಿ ಅಕ್ಷರ ಚಳವಳಿಯ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಲಕ್ಷಕ್ಕೂ ಮಿಕ್ಕಿದ ಹಳ್ಳಿಯ ಹೆಂಗಸರು ಸೈಕಲ್ ಹತ್ತಿದರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರಿಂದ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತು. ಎಲ್ಲರಿಗೂ ಒಟ್ಟಿಗೇ ಸೈಕಲ್ ಸಿಕ್ಕಿದ್ದರಿಂದ ಹುಡುಗಿ ಹೊರಗೆ ಹೋಗಬಾರದೆಂಬ ಊರಿನ ಕಟ್ಟಳೆಯೂ ಸಡಿಲಿಸಿರಬಹುದು ಎನ್ನುತ್ತಾರೆ ಅವರು. ನಮ್ಮ ಕರ್ನಾಟಕದಲ್ಲೂ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಯೋಜನೆ ಶುರುವಾಗಿತ್ತು. ಒಬ್ಬಳು ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಹತ್ತು ಮಂದಿ ದಿನವೂ ಹೋದರೆ ನೋಡುವವರಿಗೇ ಬೇಸರ ಬರುತ್ತದೆ. ಆ ಬೇಸರವೇ ನಮಗೆ ದೊಡ್ಡ ರಕ್ಷಣೆ.

ಬೆಟ್ಟದ ಸವಾರಿಯಲ್ಲೂ ಇದೇ ಕಥೆ. ಅಮೆರಿಕದಲ್ಲಿ ಜ್ಯಾಕಿ ಫೆಲಾನ್ ಎಂಬ ಚಾಂಪಿಯನ್ ಸವಾರಳು 1980ರ ದಶಕದಲ್ಲಿ ಹೆಂಗಸರಿಗೆಂದೇ ಒಂದು ಮೌಂಟೇನ್ ಬೈಕ್ ಸಂಘ ಕಟ್ಟಿದಳು. ಅದರ ಹೆಸರಿನಲ್ಲೇ 'ಚಹಾ' ಸೇರಿತ್ತು: ಮಹಿಳೆಯರ ಮೌಂಟೇನ್ ಬೈಕ್ ಮತ್ತು ಚಹಾ ಸಂಘ! ಗೆಲ್ಲುವುದನ್ನು ಚೆನ್ನಾಗಿ ಬಲ್ಲವಳೇ ಒಟ್ಟಿಗೆ ಕೂತು ಚಹಾ ಕುಡಿಯುವುದಕ್ಕೆ ಇಷ್ಟು ಬೆಲೆ ಕೊಟ್ಟಳಲ್ಲ ಎಂದು ನನಗೆ ಆಕೆಯ ಮೇಲೆ ಪ್ರೀತಿ.

ಮಗಳಿಗೆ ಜೊತೆ ಸಿಕ್ಕಿದ್ದು ಸುಲಭವಾಗಿಯೇನಲ್ಲ. ಮೊದಲು ಹುಡುಗರ ಗುಂಪಿನಲ್ಲಿ ಹೋದಳು. ಅವರು ಒಳ್ಳೆಯವರೇ, ಆದರೆ ಏರು ಬಂದೊಡನೆ ಮುಂದೆ ಹೋಗಿಬಿಡುತ್ತಿದ್ದರು. ಐದು ಜನರೊಡನೆ ಹೊರಟವಳು ಬೆಟ್ಟದ ಮಧ್ಯೆ ಮತ್ತೆ ಒಂಟಿ. ಇನ್ನೊಬ್ಬ ಕಾಯುತ್ತಿದ್ದ, ಆದರೆ ಕಾದ ಋಣವನ್ನು ಪ್ರತಿ ಸಲವೂ ನೆನಪಿಸುತ್ತಿದ್ದ. ಕೊನೆಗೆ ಸೈಕಲ್ ರಿಪೇರಿ ಅಂಗಡಿಯಲ್ಲಿ ಪರಿಚಯವಾದ ಒಬ್ಬ ನರ್ಸ್, ಆಕೆಯ ಗೆಳತಿ, ಮಗಳ ಆಫೀಸಿನ ಇಬ್ಬರು, ಹೀಗೆ ಐದು ಜನ ಸೇರಿದರು. ಅವರೇ ಕೆಲವು ನಿಯಮ ಮಾಡಿಕೊಂಡಿದ್ದಾರೆ. ಹೊಸಬರು ಬಂದರೆ ಮೊದಲ ಎರಡು ಸವಾರಿ ಜನರಿರುವ ರಸ್ತೆಯಲ್ಲೇ. ಎಲ್ಲರಿಗಿಂತ ನಿಧಾನದವಳು ಮುಂದೆ. ಕವಲು ದಾರಿ ಬಂದಲ್ಲೆಲ್ಲ ನಿಂತು ತಲೆ ಎಣಿಸಬೇಕು. ಬೆಳಕು ಹರಿದ ಮೇಲೆಯೇ ಮಣ್ಣುದಾರಿಗೆ ಇಳಿಯುವುದು. ದಾರಿಯ ಹಳ್ಳಿಯ ಅಂಗಡಿಯಲ್ಲಿ ನಿಂತು ಟೀ ಕುಡಿದು ಮಾತಾಡಿಸಿಯೇ ಮುಂದೆ ಹೋಗುವುದು, ಮುಖಪರಿಚಯವಿರಲೆಂದು. ಮನೆಯಲ್ಲಿ ಒಬ್ಬರಿಗೆ ದಾರಿ ಮತ್ತು ಹಿಂತಿರುಗುವ ಹೊತ್ತು ಗೊತ್ತಿರಬೇಕು. ತುರ್ತಿಗೆ 112 ಇದೆ, ಆದರೆ ಬೆಟ್ಟದ ಸಂದಿಯಲ್ಲಿ ಫೋನಿಗೆ ಸಿಗ್ನಲ್ ಸಿಗದೇ ಇರಬಹುದು. ಆದ್ದರಿಂದ ಎಲ್ಲಿ ಸಿಗುತ್ತದೆಂದು ಮೊದಲೇ ಗುರುತಿಟ್ಟುಕೊಳ್ಳುವುದು.

ಇದನ್ನೆಲ್ಲ ಕೇಳಿ ನೆಮ್ಮದಿಯಾಯಿತು. ಆದರೆ ಆ ನೆಮ್ಮದಿಯಲ್ಲೂ ಒಂದು ಮುಳ್ಳಿದೆ. ಜೊತೆ ಸಿಗದವಳ ಗತಿಯೇನು? ಜೊತೆಯಿದ್ದವಳಿಗೆ ಮಾತ್ರ ಬೆಟ್ಟ ಎಂದರೆ, ಹಳೆಯ ಕಾವಲನ್ನೇ ಹೊಸ ಹೆಸರಿನಲ್ಲಿ ತಂದಂತಾಗಲಿಲ್ಲವೇ? ಅಕ್ಕಮಹಾದೇವಿ ಉಡುತಡಿಯಿಂದ ಹೊರಟಾಗ ಜೊತೆಗೆ ಯಾರಿದ್ದರು? ಕಲ್ಯಾಣದಲ್ಲಿ ಶರಣರ ಸಂಗ ಸಿಕ್ಕಿದ್ದು ಅವಳು ಹೊರಟ ಮೇಲೆ. ಅಲ್ಲಿಂದ ಶ್ರೀಶೈಲಕ್ಕೆ ಹೊರಟದ್ದು ಮತ್ತೆ ಒಬ್ಬಳೇ. ಸಂಗ ಅವಳಿಗೆ ಬಲವಾಯಿತೇ ಹೊರತು ಅಪ್ಪಣೆಯಾಗಲಿಲ್ಲ. ನಾವೆಲ್ಲ ಅಕ್ಕನಲ್ಲ, ನಿಜ. ಆದರೆ ಜೊತೆಯನ್ನು ಬಯಸುವುದು ಬೇರೆ, ಜೊತೆಯಿಲ್ಲದವಳು ತನಗಾದದ್ದಕ್ಕೆ ತಾನೇ ಹೊಣೆ ಎನ್ನುವುದು ಬೇರೆ ಎಂಬುದನ್ನಾದರೂ ನಾವು ತಿಳಿದುಕೊಳ್ಳಬಹುದು.

ಕಳೆದ ತಿಂಗಳು ಒಂದು ಭಾನುವಾರ ಉಳಿದ ನಾಲ್ವರಲ್ಲಿ ಯಾರಿಗೂ ಬಿಡುವಾಗಲಿಲ್ಲ. ಮಗಳು ಬಾಗಿಲಲ್ಲಿ ನಿಂತು, "ಅಮ್ಮ, ಇವತ್ತು ಒಬ್ಬಳೇ. ಇಂಥ ದಾರಿ. ಹತ್ತೂವರೆಗೆ ಬರ್ತೀನಿ" ಎಂದಳು. ಬೇಡ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಅವಳು ನಿಜ ಹೇಳಿದ್ದಳು. ನಿಜಕ್ಕೆ ದಂಡ ಹಾಕಬಾರದೆಂದು ಸುಮ್ಮನಾದೆ. "ಟೀ ಅಂಗಡಿ ಅಜ್ಜಿಗೆ ಕೇಳಿದೆ ಅಂತ ಹೇಳು" ಎಂದೆ. ಎದುರು ಮನೆಯಾಕೆ ಎಂದಿನಂತೆ, "ಒಬ್ಬಳೇನಾ?" ಎಂದರು. "ಹೌದು ರೀ, ಇವತ್ತು ಒಬ್ಬಳೇ" ಎಂದು ನಾನೇ ಉತ್ತರಿಸಿದೆ.

ಆ ಐದು ಗಂಟೆ ನಾನು ಮಾಡಿದ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಹತ್ತು ಮುಕ್ಕಾಲಿಗೆ ಗೇಟು ಸದ್ದಾಯಿತು. ಟೈರಿನಲ್ಲಿ ಕೆಮ್ಮಣ್ಣು, ಮೊಣಕೈಯಲ್ಲಿ ಒಂದು ತರಚು. ಹದಿನೈದು ನಿಮಿಷ ಯಾಕೆ ತಡವಾಯಿತು, ಗಾಯ ಹೇಗಾಯಿತು, ಯಾರಾದರೂ ಹಿಂದೆ ಬಂದರೇ, ಎಲ್ಲ ಪ್ರಶ್ನೆಗಳೂ ಗಂಟಲಲ್ಲಿ ಸಾಲಾಗಿ ನಿಂತಿದ್ದವು. ಅವುಗಳನ್ನು ಪಕ್ಕಕ್ಕೆ ಸರಿಸಿ ಕೇಳಿದೆ:

"ಏರು ಹೇಗಿತ್ತೇ?"

ಅವಳು ಹೆಲ್ಮೆಟ್ ತೆಗೆದು ಮೆಟ್ಟಿಲ ಮೇಲೆ ಕೂತು, ಹೇಳತೊಡಗಿದಳು.