ಅಹಿಂಸಾಣುವ್ರತವೂ ಮನೆ ತಪ್ಪಿದ ಪ್ರಾಣಿಗಳೂ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ನಾವೆಲ್ಲರೂ ಪಾಠಶಾಲೆಯಲ್ಲಿ ಕಲಿತವರೇ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಶಕ್ತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಎತ್ತು ಎಮ್ಮೆಗಳ ಕೊಟ್ಟಿಗೆಯುಳ್ಳ ಗೃಹಸ್ಥನನ್ನು ಎದುರಿಗಿಟ್ಟುಕೊಂಡು ಹೇಳಿದ ಮಾತುಗಳಂತೆ ಇವು ತೋರುತ್ತವೆ. ನಗರದ ಶ್ರಾವಕನಿಗೆ ಕೊಟ್ಟಿಗೆಯಿಲ್ಲ. ಆದಕಾರಣ ಈ ಐದೂ ತನ್ನನ್ನು ಮುಟ್ಟುವುದಿಲ್ಲವೆಂದು ಅವನು ನಿಶ್ಚಿಂತನಾಗಿರುತ್ತಾನೆ. ನಾನೂ ಹಾಗೆಯೇ ಇದ್ದೆ.

ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ದಿನಗಳಲ್ಲಿ ನಮ್ಮ ಬೀದಿಯ ಕುಟುಂಬವೊಂದು ಮನೆ ಖಾಲಿಮಾಡಿ ಬೇರೆ ಊರಿಗೆ ಹೋಯಿತು. ಅವರ ನಾಯಿ ಉಳಿಯಿತು. ವಯಸ್ಸಾದ ನಾಯಿ, ಒಂದು ಕಣ್ಣಿಗೆ ಪೊರೆ ಬಂದಿತ್ತು, ಕೊರಳಲ್ಲಿ ಪಟ್ಟಿ ಇನ್ನೂ ಇತ್ತು. ಮೂರು ದಿನ ಅದು ಬೀಗ ಹಾಕಿದ ಗೇಟಿನ ಮುಂದೆಯೇ ಮಲಗಿತ್ತು. ನಾಲ್ಕನೆಯ ದಿನ ನಮ್ಮ ಮೆಟ್ಟಿಲ ಬಳಿಗೆ ಬಂದಿತು. ಅಂದು ಮನೆಯಲ್ಲಿ ಎಲ್ಲರಿಗೂ ಉಪವಾಸ, ಒಲೆ ಹಚ್ಚಿರಲಿಲ್ಲ. ನಾಳೆ ಪಾರಣೆಯಾದ ಮೇಲೆ ಏನಾದರೂ ಹಾಕೋಣವೆಂದು ಹೇಳಿ ನಾನು ಬಸದಿಗೆ ಹೊರಟೆ. ಹಿಂದಿರುಗಿದಾಗ ಅದು ಅಲ್ಲಿರಲಿಲ್ಲ. ನನ್ನ ಉಪವಾಸಕ್ಕೆ ಸಂಕಲ್ಪವಿತ್ತು. ಅದರ ಹಸಿವಿಗೆ ಯಾವ ಸಂಕಲ್ಪವಿತ್ತು?

ತಾನು ಕಟ್ಟಿಹಾಕಿದ ಪ್ರಾಣಿಗೆ ಉಣಿಸದಿದ್ದರೆ ಮಾತ್ರ ಅತಿಚಾರ, ಬೀದಿಯ ನಾಯಿಗೆ ಹಾಕದಿದ್ದರೆ ಹೇಗಾದೀತು ಎಂದು ಸ್ನೇಹಿತರೊಬ್ಬರು ಸಮಾಧಾನ ಹೇಳಿದರು. ಅಕ್ಷರಾರ್ಥದಲ್ಲಿ ಅವರ ಮಾತು ಸರಿಯಿರಬಹುದು. ಆದರೆ ಮನುಷ್ಯನ ಕೈಯಿಂದಲೇ ಉಂಡು ಬೆಳೆದು, ತಾನಾಗಿ ಅನ್ನ ಹುಡುಕುವುದನ್ನು ಕಲಿಯದ ಜೀವಕ್ಕೆ ನಾವು ಹಗ್ಗವಿಲ್ಲದೆಯೇ ಬಂಧವನ್ನು ಹಾಕಿದ್ದೇವೆ. ಒಡೆಯನು ಊರು ಬಿಟ್ಟ ಮಾತ್ರಕ್ಕೆ ಆ ಬಂಧ ಕಳಚುವುದಿಲ್ಲ.

ಇಂತಹ ಜೀವಗಳಿಗೆ ಅಭಯದಾನವೆಂದರೆ ಯಾವುದು? ನಮ್ಮ ಪರಂಪರೆಯಲ್ಲಿ ಇದಕ್ಕೆ ಎರಡು ಉತ್ತರಗಳು ಕಾಣುತ್ತವೆ. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರ್ಕಾರದ ಕ್ರಮದ ವಿರುದ್ಧ 1832ರಲ್ಲಿ ಪಾರಸಿಗಳು ಮುಂದಾಗಿ ದೊಡ್ಡ ಗಲಭೆ ನಡೆಯಿತು. 1834ರಲ್ಲಿ ಜಮ್ಸೇಟ್‌ಜೀ ಜೀಜೀಭಾಯಿ ಮೊದಲಾದ ವರ್ತಕರು ಅಲ್ಲಿ ಪಿಂಜರಾಪೋಲನ್ನು ಸ್ಥಾಪಿಸಿದರು. ಪಿಂಜರಾಪೋಲಿನ ನೀತಿ, ಬಂದ ಜೀವವನ್ನು ಆಯುಷ್ಯ ಮುಗಿಯುವವರೆಗೆ ಪೋಷಿಸುವುದು. ಇನ್ನೊಂದು ಉತ್ತರ ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ. ಬೆಳಗಾವಿ ಸೀಮೆಯ ಕೋಥಳಿಯಲ್ಲಿ ಜನಿಸಿದ ಆಚಾರ್ಯ ದೇಶಭೂಷಣ ಮಹಾರಾಜರ ಪ್ರೇರಣೆಯಿಂದ 1957ರಲ್ಲಿ ಅದಕ್ಕೆ ಈಗಿನ ಕಟ್ಟಡವಾಯಿತು. ಅಲ್ಲಿ ಗುಣವಾದ ಹಕ್ಕಿಯನ್ನು ಆಕಾಶಕ್ಕೆ ಬಿಡುತ್ತಾರೆ. ಹಕ್ಕಿಗೆ ಅದಕ್ಕಿಂತ ದೊಡ್ಡ ಅಭಯ ಬೇರೆಯಿಲ್ಲ. ನಾಯಿಗಾದರೋ ಆಕಾಶವಿಲ್ಲ. ಅದನ್ನು ಬೀದಿಗೆ ಬಿಟ್ಟರೆ ಮುಕ್ತಿಯಲ್ಲ, ಕೂಡಿಹಾಕಿದರೆ ಬಂಧ. 1860ರಲ್ಲಿ ಲಂಡನ್ನಿನ ಮೇರಿ ಟೀಲ್ಬಿ ಎಂಬ ಮಹಿಳೆ ಕಳೆದುಹೋದ ನಾಯಿಗಳಿಗಾಗಿ ತೆರೆದ ಆಶ್ರಯಕ್ಕೆ ‘ತಾತ್ಕಾಲಿಕ ಮನೆ’ ಎಂದೇ ಹೆಸರಿಟ್ಟಳು. ಆ ವಿಶೇಷಣದಲ್ಲಿ ಮೂರನೆಯ ಉತ್ತರವಿದೆಯೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮ ಮೆಟ್ಟಿಲಿಂದ ಹೋದ ನಾಯಿಯನ್ನು ಮುಂದಿನ ಬೀದಿಯ ತರುಣಿಯೊಬ್ಬಳು ಆಟೋದಲ್ಲಿ ಕೂಡಿಸಿಕೊಂಡು ಆಶ್ರಯಕೇಂದ್ರಕ್ಕೆ ಮುಟ್ಟಿಸಿದ್ದಳು. ವಿಷಯ ತಿಳಿದು ನೋಡಲು ಹೋದೆ. ಅಲ್ಲಿ ಪ್ರತಿಯೊಂದು ಪ್ರಾಣಿಗೂ ಪುಸ್ತಕದಲ್ಲಿ ಒಂದು ಪುಟ: ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಮೈಮೇಲೆ ಏನು ಗುರುತು. ಮೊದಲು ಹುಡುಕುವುದು ಹಳೆಯ ಒಡೆಯನನ್ನೇ. ಕೆಲವು ನಾಯಿಗಳ ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ಚಿಪ್ಪು ಇರುತ್ತದೆ. ಅದರ ಮೇಲೆ ಯಂತ್ರವನ್ನು ಆಡಿಸಿದರೆ ಒಂದು ಸಂಖ್ಯೆ ಕಾಣುತ್ತದೆ. ಒಡೆಯನು ವಿಳಾಸವನ್ನು ನೋಂದಾಯಿಸಿದ್ದರೆ ಮಾತ್ರ ಆ ಸಂಖ್ಯೆಯಿಂದ ಪ್ರಯೋಜನ. ಒಡೆಯನು ಬಾರದಿದ್ದರೆ ಹೊಸ ಮನೆ ಹುಡುಕಬೇಕು. ಮರಿಗಳು ಬೇಗ ಹೋಗುತ್ತವೆ. ಉಳಿಯುವವು ಮುದಿಯಾದವು, ಕುಂಟಾದವು, ಕಿವುಡಾದವು, ಹೊಡೆತ ತಿಂದು ಮನುಷ್ಯನ ಕೈ ಕಂಡರೆ ಮುದುಡುವಂತಹವು.

ಈ ಉಳಿದವುಗಳ ವಿಷಯದಲ್ಲಿ ಅಲ್ಲಿಯ ಕಾರ್ಯಕರ್ತರು ತೋರುವ ತಾಳ್ಮೆ ನನ್ನನ್ನು ನಾಚಿಸಿತು. ಬೋನಿನೊಳಗೆ ಸುತ್ತಲೂ ಬೊಗಳುವ ಸದ್ದಿನಲ್ಲಿ ಹೆದರಿದ ನಾಯಿ ಹಲ್ಲು ಕಿರಿಯುತ್ತದೆ. ನೋಡಬಂದವರು ದುಷ್ಟ ಪ್ರಾಣಿಯೆಂದು ಮುಂದೆ ಹೋಗುತ್ತಾರೆ. ಆದುದರಿಂದ ಅದನ್ನು ಕೆಲವು ವಾರ ಯಾರದಾದರೂ ಮನೆಯಲ್ಲಿರಿಸುತ್ತಾರೆ. ಮನೆಯ ಮೂಲೆಯಲ್ಲಿ ಅದರ ನಿಜವಾದ ಸ್ವಭಾವ ತೋರುತ್ತದೆ. ಆಮೇಲೆ ಕೇಳಬಂದವರಿಗೆ ಅದರ ದೋಷಗಳನ್ನೇ ಮೊದಲು ಹೇಳುತ್ತಾರೆ: ಇದಕ್ಕೆ ದಿನವೂ ಔಷಧಿ ಬೇಕು, ಮಕ್ಕಳಿರುವ ಮನೆಗೆ ಇದು ಸಲ್ಲದು. ಮುಚ್ಚಿಟ್ಟು ಕೊಟ್ಟ ಪ್ರಾಣಿ ತಿಂಗಳೊಳಗೆ ಹಿಂದಿರುಗುತ್ತದೆ, ಎರಡನೆಯ ಸಲ ತ್ಯಕ್ತವಾದದ್ದು ಇನ್ನಷ್ಟು ಮುದುಡುತ್ತದೆ ಎಂದು ಅವರು ಹೇಳಿದರು. ಸತ್ಯಾಣುವ್ರತಕ್ಕೆ ಇಂತಹ ಉದಾಹರಣೆಯನ್ನು ನಾನು ಪ್ರವಚನಗಳಲ್ಲಿ ಕೇಳಿರಲಿಲ್ಲ.

ಶ್ರಾವಕರಿಗೆ ಇಲ್ಲಿ ತೊಡಕುಗಳಿಲ್ಲವೆಂದಲ್ಲ. ಚತುಷ್ಪದಗಳೂ ಬಾಹ್ಯ ಪರಿಗ್ರಹದಲ್ಲಿ ಸೇರಿದವು. ಪರಿಮಾಣ ಮಾಡಿಕೊಂಡವರು ಲೆಕ್ಕವಿಡಲೇಬೇಕು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದು ಅನರ್ಥದಂಡವೆಂದು ಕಾರ್ತಿಕೇಯಾನುಪ್ರೇಕ್ಷೆ ಎಣಿಸಿದೆ. ಬೆಕ್ಕಿನ ದೇಹಕ್ಕೆ ಮಾಂಸಾಹಾರವಿಲ್ಲದೆ ನಡೆಯದೆಂಬುದು ವೈದ್ಯರೂ ಒಪ್ಪುವ ಮಾತು. ಹಾಗೆಂದು ಮನೆ ತಪ್ಪಿದ ಬೆಕ್ಕನ್ನು ಸಾಯಬಿಡಬೇಕೆ? ದೆಹಲಿಯ ಆಸ್ಪತ್ರೆಯಲ್ಲಿ ಹದ್ದು ಗಿಡುಗಗಳನ್ನು ಒಳಗಿರಿಸಿಕೊಳ್ಳುವುದಿಲ್ಲ, ಆದರೆ ಗಾಯಕ್ಕೆ ಔಷಧಿ ಹಚ್ಚದೆ ಕಳುಹಿಸುವುದೂ ಇಲ್ಲ. ನಾವು ಸಾಕಲಾರದ ಬೆಕ್ಕನ್ನು ಆಶ್ರಯಕೇಂದ್ರಕ್ಕೆ ಮುಟ್ಟಿಸುವುದು ನಮ್ಮಿಂದಾಗುವ ಕೆಲಸ. ನಾಯಿ ಹಾಗಲ್ಲ; ವೈದ್ಯರನ್ನು ಕೇಳಿ ಎಚ್ಚರದಿಂದ ಕೊಟ್ಟರೆ ಸಸ್ಯಾಹಾರದಲ್ಲಿಯೂ ಬಾಳುತ್ತದೆ. ಸಂತಾನಶಸ್ತ್ರಚಿಕಿತ್ಸೆ ಛೇದವಾಗುವುದೋ ಇಲ್ಲವೋ ಎಂಬುದನ್ನು ಪಂಡಿತರು ಚರ್ಚಿಸಲಿ. ಹುಟ್ಟಿದ ವಾರದಲ್ಲಿಯೇ ಚೀಲದಲ್ಲಿ ಕಟ್ಟಿ ಎಸೆದ ಮರಿಗಳನ್ನು ಕಂಡ ಮೇಲೆ ನನಗಂತೂ ಆ ವೈದ್ಯರ ಮೇಲೆ ದೋಷಾರೋಪಣೆ ಮಾಡುವ ಧೈರ್ಯವಿಲ್ಲ.

ಆ ಒಕ್ಕಣ್ಣಿನ ನಾಯಿಯನ್ನು ಏಳು ತಿಂಗಳು ಯಾರೂ ಕೇಳಲಿಲ್ಲ. ಎಂಟನೆಯ ತಿಂಗಳಲ್ಲಿ ನಾವೇ ಕರೆತಂದೆವು. ಮೊದಲ ಅಷ್ಟಮಿಯಂದೇ ಪ್ರಶ್ನೆ ಎದ್ದಿತು. ಪ್ರೋಷಧೋಪವಾಸದಲ್ಲಿ ಆರಂಭತ್ಯಾಗ ಮಾಡಿದವರು ನಾಯಿಗಾಗಿ ಒಲೆ ಹಚ್ಚಬಹುದೇ? ನನ್ನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ವ್ರತ ನಿಮ್ಮದು, ನನಗೀಗ ಏಕಾಶನವಷ್ಟೇ. ನನ್ನ ಅನ್ನದ ಜೊತೆಗೆ ಅದಕ್ಕೂ ಒಂದು ಹಿಡಿ ಅಕ್ಕಿ ಹಾಕುತ್ತೇನೆ, ನೀವು ಬಸದಿಗೆ ಹೊರಡಿ” ಎಂದರು.